ಬೇಕೆಂದೇ ಕಡಿಮೆ ಕೇಳುವ ಬೆಲೆ: ರೈತರು ತಿಳಿದಿರಬೇಕಾದ ಲೆಕ್ಕ



ಇಂಗ್ಲಿಷಿನಲ್ಲಿ ‘ಲೋಬಾಲ್’ ಎಂಬ ಮಾತೊಂದಿದೆ. ಮಾಲಿನ ನಿಜವಾದ ಬೆಲೆ ಗೊತ್ತಿದ್ದೂ, ಬೇಕೆಂದೇ ತೀರ ಕಡಿಮೆ ಬೆಲೆಗೆ ಕೇಳುವುದಕ್ಕೆ ಹಾಗೆನ್ನುತ್ತಾರೆ. ಹಳ್ಳಿಯ ಮಾತಿನಲ್ಲಿ ಇದೇ ‘ಅಡ್ಡಾದುಡ್ಡಿಗೆ ಕೇಳುವುದು’. ಇದು ಚೌಕಾಸಿಯಲ್ಲ. ಚೌಕಾಸಿಯಲ್ಲಿ ಇಬ್ಬರೂ ನ್ಯಾಯವಾದ ಬೆಲೆಯ ಆಸುಪಾಸಿನಲ್ಲೇ ಎಳೆದಾಡುತ್ತಾರೆ. ಲೋಬಾಲಿನಲ್ಲಾದರೋ ಮೊದಲ ಮಾತೇ ಪಾತಾಳದಿಂದ ಹೊರಡುತ್ತದೆ. ಆಮೇಲೆ ಐವತ್ತು ರೂಪಾಯಿ ಏರಿಸಿದರೂ ಮಾರುವವನಿಗೆ ತಾನೇ ಗೆದ್ದಂತೆ ತೋರುತ್ತದೆ.

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಮೆಕ್ಕೆಜೋಳದ ಒಕ್ಕಣೆಯಾದ ಕೂಡಲೆ ವ್ಯಾಪಾರಿ ಕಣಕ್ಕೇ ಬರುವುದುಂಟು. ಒಂದು ಹಿಡಿ ಕಾಳು ತೆಗೆದು, “ಯಜಮಾನ್ರೆ, ತೇವ ಜಾಸ್ತಿ ಇದೆ, ಸಾವಿರದ ಆರುನೂರು ಮಾಡ್ಕೊಳ್ಳಿ” ಎನ್ನುತ್ತಾನೆ. ತೇವ ಇರುವುದು ನಿಜವಿರಬಹುದು. ಆದರೆ ತೇವಕ್ಕೆ ಎಷ್ಟು ಮುರಿಯಬೇಕೆಂಬುದಕ್ಕೆ ಲೆಕ್ಕವಿದೆ.

ಶೇಕಡಾ 20 ತೇವಾಂಶವಿರುವ 100 ಕಿಲೋ ಕಾಳಿನಲ್ಲಿ ನೀರು ಕಳೆದರೆ ಉಳಿಯುವುದು 80 ಕಿಲೋ. ಈ ಕಾಳನ್ನು ಶೇಕಡಾ 14 ತೇವಾಂಶಕ್ಕೆ ಒಣಗಿಸಿದರೆ ತೂಕ ಸುಮಾರು 93 ಕಿಲೋ ಬರುತ್ತದೆ. ಅಂದರೆ ಕ್ವಿಂಟಲಿಗೆ 7 ಕಿಲೋ ಇಳಿತ. ಒಣಗಿದ ಕಾಳಿಗೆ 2,000 ರೂಪಾಯಿ ಧಾರಣೆ ಇದ್ದ ದಿನ ಈ ಕಾಳಿಗೆ ಸುಮಾರು 1,860 ರೂಪಾಯಿ ನ್ಯಾಯ. ಒಣಗಿಸುವ ಕೂಲಿ, ಸಾಗಣೆ ಎಂದು ಇನ್ನೂ ಸ್ವಲ್ಪ ಮುರಿದರೆ ಒಪ್ಪಬಹುದು. 1,600 ಎಂದರೆ ಮಾತ್ರ ಮುರಿದದ್ದು ನೀರಿಗಲ್ಲ, ರೈತನ ಅವಸರಕ್ಕೆ.

ಅಡಿಕೆ ತೋಟವನ್ನು ಖೇಣಿಗೆ ಕೊಡುವಾಗಲೂ ಹೀಗೆಯೇ. ಗೊನೆ ಎಣಿಸದೆ ಮಾತಿಗೆ ಕುಳಿತವನು ಎದುರಿನವನು ಹೇಳಿದ ಬೆಲೆಯಿಂದಲೇ ಲೆಕ್ಕ ಹಿಡಿಯಬೇಕಾಗುತ್ತದೆ.

ಇದಕ್ಕೆ ಉಪಾಯವೇನು?

1. ವ್ಯಾಪಾರಿ ಬರುವ ಮೊದಲೇ ಕಾಳಿನ ತೇವಾಂಶ ಅಳೆಸಿರಿ. ಆ ದಿನದ ಧಾರಣೆಯನ್ನು ಎಪಿಎಂಸಿಯಲ್ಲಿ ಅಥವಾ ‘ಕೃಷಿ ಮಾರಾಟವಾಹಿನಿ’ ಜಾಲತಾಣದಲ್ಲಿ ತಿಳಿಯಿರಿ.

2. ಇದಕ್ಕಿಂತ ಕೆಳಗೆ ಕೊಡುವುದಿಲ್ಲವೆಂಬ ಬೆಲೆಯನ್ನು ಮನೆಯಲ್ಲೇ ನಿಶ್ಚಯಿಸಿರಿ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಖರೀದಿ ಕೇಂದ್ರ ತೆರೆಯದ ಹೊರತು ಆ ಬೆಲೆ ಕೈಗೆ ಬರುವುದಿಲ್ಲವೆಂಬುದೂ ನೆನಪಿರಲಿ.

3. ಸಾಧ್ಯವಾದರೆ ಮಾಲನ್ನು ಎಪಿಎಂಸಿ ಟೆಂಡರಿಗೆ ಇಡಿರಿ. ಅಲ್ಲಿ ಹಲವರು ಬೆಲೆ ಹಾಕುತ್ತಾರೆ. ಬೆಲೆ ಒಪ್ಪಿಗೆಯಾಗದಿದ್ದರೆ ಮಾರದೆ ಇರುವ ಹಕ್ಕು ರೈತನದು.

4. ಕೈಸಾಲ ತೀರಿಸುವ ಅವಸರವಿದ್ದರೆ, ಮಾಲನ್ನು ಉಗ್ರಾಣದಲ್ಲಿಟ್ಟು ಅಡಮಾನ ಸಾಲ ದೊರೆಯುವುದೇ ಎಂದು ಸಹಕಾರ ಸಂಘದಲ್ಲಿ ಮೊದಲೇ ವಿಚಾರಿಸಿರಿ.

ಕಡಿಮೆ ಕೇಳಿದವನ ಮೇಲೆ ಸಿಟ್ಟಾಗಿ ಫಲವಿಲ್ಲ. “ಇವತ್ತಿನ ಧಾರಣೆ ಇಷ್ಟು, ತೇವ ಇಷ್ಟು, ಈ ಬೆಲೆಗಾದರೆ ತೂಕ ಹಾಕಿ” ಎಂದು ಲೆಕ್ಕ ಮುಂದಿಡಿರಿ. ಮಾತು ಅಲ್ಲಿಂದ ಶುರುವಾಗಲಿ.