ಸಂಘವನ್ನು ಕಟ್ಟುವುದು, ಕಟ್ಟಿದುದನ್ನು ಉಳಿಸುವುದು

(ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ನಾಡಿನಲ್ಲಿ ಸಂಘಗಳು ಹುಟ್ಟುವುದಕ್ಕೆ ಬರವಿಲ್ಲ. ಅವು ಬಾಳುವುದಕ್ಕೆ ಮಾತ್ರ ಬರ. ಒಂದು ಸಭೆ, ಒಂದು ಮೆರವಣಿಗೆ, ಹತ್ತು ಹೂಮಾಲೆ. ಮರುವರ್ಷ ನೋಡಿದರೆ ಹೆಸರಿನ ಹಲಗೆಯೊಂದೇ ಉಳಿದಿರುತ್ತದೆ. ಆರಂಭಶೂರತ್ವವೆಂಬ ಈ ಜಾಡ್ಯವನ್ನು ಕಳೆಯುವ ಬಗೆ ಹೇಗೆಂಬುದನ್ನು ಇಂದು ವಿಚಾರಿಸೋಣ.

ಏಕೀಕರಣದ ಇತಿಹಾಸವೇ ನಮಗೆ ಪಾಠಶಾಲೆ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ನಡುವೆ ಕಳೆದುವು 66 ವರ್ಷಗಳು. ಬೀಜವನ್ನು ಬಿತ್ತಿದವರಲ್ಲಿ ಬಹುಮಂದಿ ಫಲವನ್ನು ಕಾಣಲಿಲ್ಲ. ಆದರೂ ಬೇಸಾಯ ನಿಲ್ಲಲಿಲ್ಲ. ಏಕೆ?

ಮೊದಲನೆಯದಾಗಿ, ಅವರು ಕಣ್ಣಿಗೆ ಕಾಣುವ ಕೆಲಸವನ್ನು ಹಿಡಿದರು. ವಿದ್ಯಾವರ್ಧಕ ಸಂಘವು ಗ್ರಂಥಕರ್ತರಿಗೆ ಪ್ರೋತ್ಸಾಹವಿತ್ತಿತು; 1896ರಲ್ಲಿ 'ವಾಗ್ಭೂಷಣ' ಪತ್ರಿಕೆಯನ್ನು ಹೊರಡಿಸಿತು. ನಾವೂ ಊರಿಗೊಂದು ವಾಚನಾಲಯವನ್ನೋ, ಸೊರಗಿದ ಕನ್ನಡ ಶಾಲೆಯೊಂದನ್ನೋ ಕೈಗೆತ್ತಿಕೊಳ್ಳಬೇಕು. ಕೆಲಸವಿಲ್ಲದ ಸಂಘದಲ್ಲಿ ಕಲಹವೇ ಕೆಲಸವಾಗುವುದು.

ಎರಡನೆಯದು ಹಣ. 1920ರ ನಾಗಪುರ ಕಾಂಗ್ರೆಸ್ಸು ಸದಸ್ಯತ್ವಕ್ಕೆ ನಾಲ್ಕಾಣೆಯ ಚಂದಾ ಗೊತ್ತುಮಾಡಿತು. ಆ ನಾಲ್ಕಾಣೆಯನ್ನು ಕೊಟ್ಟ ರೈತನು ಸಂಸ್ಥೆಯನ್ನು ತನ್ನದೆಂದನು. ಒಬ್ಬ ಧನಿಕನ ಸಾವಿರಕ್ಕಿಂತ ನೂರು ಮಂದಿಯ ಹತ್ತು ಹತ್ತು ರೂಪಾಯಿ ಮೇಲು. ಧನಿಕನು ಮುನಿದರೆ ಸಂಘವೇ ಮುಳುಗುವುದು. ಹನಿಗೂಡಿದ ಹಳ್ಳವು ಬೇಗ ಬತ್ತದು.

ಮೂರನೆಯದು ಲೆಕ್ಕ. ನಾವು ವಕೀಲರು; ಬರೆದಿಡದ ಮಾತು ನ್ಯಾಯಸ್ಥಾನದಲ್ಲಿ ಹೇಗೆ ಕರಗಿಹೋಗುವುದೆಂಬುದನ್ನು ನಿತ್ಯವೂ ಕಾಣುತ್ತೇವೆ. ಪ್ರತಿ ಸಭೆಯ ನಡವಳಿಯನ್ನು ಅಂದೇ ಬರೆಯಿರಿ. ಜಮಾಖರ್ಚನ್ನು ತಿಂಗಳಿಗೊಮ್ಮೆ ಎಲ್ಲರೆದುರು ಓದಿರಿ. ಪ್ರಾಮಾಣಿಕನಿಗೂ ರಸೀತಿಯೇ ರಕ್ಷೆ. ಸಭೆಯ ದಿನ, ವೇಳೆಗಳು ಗೊತ್ತಾಗಿರಲಿ. ಐವರೇ ಬಂದರೂ ಹೇಳಿದ ಗಳಿಗೆಗೆ ಆರಂಭಿಸಿರಿ.

ನಾಲ್ಕನೆಯದು ಭಿನ್ನಾಭಿಪ್ರಾಯ. ಮೈಸೂರಿನಲ್ಲಿ ಏಕೀಕರಣವನ್ನೊಪ್ಪದ ಸಜ್ಜನರು ಅನೇಕರಿದ್ದರು. ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರು ಆ ವಿರೋಧದ ನಡುವೆಯೂ ಏಕೀಕರಣದ ಪಕ್ಷವನ್ನು ಹಿಡಿದರು. ಒಪ್ಪದವನನ್ನು ದ್ರೋಹಿಯೆಂದು ಜರೆಯುವುದು ಸುಲಭ. ಒಲಿಸಿಕೊಳ್ಳುವುದೇ ಕಾರ್ಯಕರ್ತನ ಕಸುಬು. ಚರ್ಚೆಯಲ್ಲಿ ಎಲ್ಲರಿಗೂ ಮಾತಿರಲಿ. ನಿರ್ಣಯವಾದ ಮೇಲೆ ಎಲ್ಲರಿಗೂ ಹೊಣೆಯಿರಲಿ.

ಕಡೆಯದು ಉತ್ತರಾಧಿಕಾರ. ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿ, ತರುಣರಿಗೆ ಶಿಸ್ತಿನ ಶಿಕ್ಷಣವನ್ನಿತ್ತರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಯಂಸೇವಕರ ಸೇವೆಯು ಆ ಶಿಕ್ಷಣಕ್ಕೆ ಸಾಕ್ಷಿಯಾಯಿತು. ಕಾರ್ಯದರ್ಶಿಯ ಪಟ್ಟವು ಆಜನ್ಮದ ಇನಾಮಲ್ಲ. ಮೂರು ವರ್ಷಕ್ಕೊಮ್ಮೆ ದಫ್ತರದ ಕೀಲಿಕೈಯು ಕೈ ಬದಲಾಗಲಿ. ಅಷ್ಟರಲ್ಲಿ ಇಬ್ಬರು ತರುಣರು ಆ ಕೆಲಸವನ್ನು ಕಲಿತಿರಲಿ.

ನಾಡು ಒಂದಾಯಿತು, ಇನ್ನೇನು ಕೆಲಸವೆನ್ನುವವರುಂಟು. ಕಾಸರಗೋಡು ಹೊರಗೇ ಉಳಿಯಿತು. ಒಳಗೂ ಹಳ್ಳಿಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ನಕ್ಷೆಯನ್ನು ಹಿರಿಯರು ಕೂಡಿಸಿಕೊಟ್ಟರು. ಅದರೊಳಗೆ ಕನ್ನಡವನ್ನು ಬಾಳಿಸುವ ಹೊಣೆ ನಮ್ಮದು. ಆದುದರಿಂದ ಘೋಷಣೆಗಳನ್ನು ಕೂಗಿ ಮನೆಗೆ ಹೋಗಬೇಡಿರಿ. ಮುಂದಿನ ಸಭೆಯ ತಾರೀಖನ್ನು ಗೊತ್ತುಮಾಡಿ ಹೋಗಿರಿ.