ಹೆಣವೇ ಮಾತಾಡಿದ್ರೆ ಕೊಲೆ ಕಥೆ ಮುಗೀತಾ?

ಒಂದ್ ಭಾನುವಾರ ಮಂಡ್ಯದಲ್ಲಿ ಗೆಳೆಯರಿಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಿಸ್ತಿದ್ದೆ. ಕಥೆ ಇಷ್ಟೇ: ಮಳವಳ್ಳಿ ದಾರೀಲಿ ಆಲೆಮನೆ ಯಜಮಾನನ ಕೊಲೆ, ಮಾಡಿದ್ದು ಸಾಲಗಾರ. ಇಟ್ಟಿದ್ದು ಒಂದೇ ಸುಳಿವು. ಯಾರಿಗೂ ಸಿಗಲಿಲ್ಲ. ‘ನಮಗೇ ತಲೆ ಇಲ್ಲ’ ಅಂತ ಎದ್ದೋದ್ರು. ತಪ್ಪು ನಂದು.

ಈ ಆಟದಲ್ಲಿ ಹೆಣವನ್ನೇ ಮಾತಾಡಿಸೋ ಮಂತ್ರ ಇದೆ, ಐದು ಪ್ರಶ್ನೆ ಕೇಳಬಹುದು. ಅದನ್ನ ನಿಷೇಧಿಸಬೇಡಿ. ಹೆಣಕ್ಕೆ ಗೊತ್ತಿರೋದು ಬದುಕಿದ್ದಾಗ ತಿಳಿದಿದ್ದಷ್ಟೇ. ಹಿಂದಿನಿಂದ ಕೊಪ್ಪರಿಗೆಗೆ ತಳ್ಳಿದವನ ಮುಖ ಕಂಡಿರಲ್ಲ. ‘ಹೊಗೆಸೊಪ್ಪಿನ ವಾಸನೆ ಬಂತು’ ಅಂದ್ರೆ ಸಾಕು.

ಅವನನ್ನೇ ತೋರಿಸೋ ಇನ್ನೆರಡು ಸುಳಿವು ಇಡಿ: ಗಾಣದ ಹತ್ರ ಅವನ ಹೊಗೆಸೊಪ್ಪಿನ ಚೀಲ, ಲೆಕ್ಕದ ಪುಸ್ತಕದಲ್ಲಿ ಹರಿದ ಹಾಳೆ. ಜಸ್ಟಿನ್ ಅಲೆಕ್ಸಾಂಡರ್ ಬರೆದ ‘ಮೂರು ಸುಳಿವಿನ ಸೂತ್ರ’ ಇದೇ.

ಮದ್ದೂರಲ್ಲಿ ಮತ್ತೆ ಆಡಿಸಿದೆ. ಚೀಲ ಯಾರ ಕಣ್ಣಿಗೂ ಬೀಳಲಿಲ್ಲ. ಆದ್ರೂ ಕೊಲೆಗಾರ ಸಿಕ್ಕಿಬಿದ್ದ.