ಹುಲಿಗೆ ಕೋಳಿಯೋ, ಕೋಳಿಗೆ ಹುಲಿಯೋ?

ಡೈರೆಕ್ಟ್ ಆಬ್ಜೆಕ್ಟ್, ಇಂಡೈರೆಕ್ಟ್ ಆಬ್ಜೆಕ್ಟ್ ಎಂದೊಡನೆ ಇಂಗ್ಲಿಷ್ ವ್ಯಾಕರಣದ ಪುಸ್ತಕ ಮುಚ್ಚಿಟ್ಟವರು ಬಹಳ ಮಂದಿ. ಅಷ್ಟು ಹೆದರುವಂಥದ್ದೇನೂ ಇಲ್ಲ. ಕೊಡು, ಕಳಿಸು, ತೋರಿಸು ಎನ್ನುವಂಥ ಕ್ರಿಯಾಪದ ಬಂದಾಗ ‘ಏನನ್ನು’ ಎಂದು ಕೇಳಿ. ಸಿಕ್ಕ ಉತ್ತರ ಡೈರೆಕ್ಟ್. ‘ಯಾರಿಗೆ’ ಎಂದು ಕೇಳಿ. ಸಿಕ್ಕ ಉತ್ತರ ಇಂಡೈರೆಕ್ಟ್.

ಮೃಗಾಲಯದ ಪ್ರಾಣಿಪಾಲಕ ಹುಲಿಗೆ ಕೋಳಿ ಹಾಕಿದ ಎನ್ನೋಣ. ಕೋಳಿಯನ್ನು ಹುಲಿಗೆ ಹಾಕಿದ ಎಂದು ಹಿಂದುಮುಂದು ಮಾಡಿ ಹೇಳಿದರೂ ಊಟ ಹುಲಿಯದೇ. ‘ಗೆ’ ಎಂಬ ಚತುರ್ಥಿ ಪ್ರತ್ಯಯ ಹುಲಿಯನ್ನು ಬಿಟ್ಟು ಕದಲುವುದಿಲ್ಲ. ಇಂಗ್ಲಿಷಿನಲ್ಲಿ ‘ದ ಕೀಪರ್ ಗೇವ್ ದ ಟೈಗರ್ ಎ ಹೆನ್’. ಇಲ್ಲಿ ಹುಲಿಗೂ ಪ್ರತ್ಯಯವಿಲ್ಲ, ಕೋಳಿಗೂ ಇಲ್ಲ. ಕ್ರಿಯಾಪದದ ಪಕ್ಕದಲ್ಲೇ ಇರುವುದು ಪಡೆಯುವವರ ಹೆಸರು, ಅದರ ನಂತರದ್ದು ಕೊಟ್ಟ ವಸ್ತು. ಎರಡನ್ನೂ ಅದಲುಬದಲು ಮಾಡಿದಿರೋ, ಪಾಪದ ಕೋಳಿಯ ಮುಂದೆ ಹುಲಿಯನ್ನು ಬಡಿಸಿದಂತಾಯಿತು!

ಇಂಗ್ಲಿಷಿಗೂ ಒಂದು ಕಾಲಕ್ಕೆ ವಿಭಕ್ತಿಗಳಿದ್ದವು. ಸುಮಾರು 1000 ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಅವನನ್ನು’ ಎನ್ನಲು ‘ಹಿನೆ’, ‘ಅವನಿಗೆ’ ಎನ್ನಲು ‘ಹಿಮ್’ ಇತ್ತು. ಬರಬರುತ್ತಾ ಪ್ರತ್ಯಯಗಳು ಸವೆದವು. ಎರಡೂ ಕೆಲಸಕ್ಕೆ ‘ಹಿಮ್’ ಒಂದೇ ಉಳಿಯಿತು. ಪ್ರತ್ಯಯ ಹೊರುತ್ತಿದ್ದ ಭಾರ ಪದಗಳ ಸ್ಥಾನದ ಮೇಲೆ, ‘ಟು’, ‘ಫಾರ್’ಗಳ ಮೇಲೆ ಬಿತ್ತು.

ಹಾಗಾಗಿ ವಸ್ತುವನ್ನು ಮೊದಲು ಹೇಳುವುದಾದರೆ ‘ಗೇವ್ ಎ ಹೆನ್ ಟು ದ ಟೈಗರ್’ ಎನ್ನಬೇಕು. ಗಿವ್, ಸೆಂಡ್, ಶೋ ಮುಂತಾದ, ಒಬ್ಬರಿಗೆ ತಲುಪಿಸುವ ಕ್ರಿಯೆಗಳಿಗೆ ‘ಟು’. ಬೈ, ಮೇಕ್, ಕುಕ್ ಮುಂತಾದ, ಒಬ್ಬರಿಗೋಸ್ಕರ ಮಾಡುವ ಕ್ರಿಯೆಗಳಿಗೆ ‘ಫಾರ್’.

ನಮ್ಮವರು ಎಡವುವುದು ‘ಎಕ್ಸ್‌ಪ್ಲೇನ್ ಮಿ ದಿಸ್ ಲೆಸನ್’ ಎನ್ನುವಲ್ಲಿ. ‘ಟೀಚ್ ಮಿ’ ಸರಿ, ‘ಟೆಲ್ ಮಿ’ ಸರಿ, ಇದೇಕೆ ತಪ್ಪು? ಟೀಚ್, ಟೆಲ್ ಇಂಗ್ಲಿಷಿನ ಮನೆಮಾತುಗಳು. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಡೊನೇಟ್ ಲ್ಯಾಟಿನ್ನಿನಿಂದ ಬಂದವು. ಇಂಥವುಗಳಲ್ಲಿ ಬಹುಪಾಲು ಪಡೆಯುವವರನ್ನು ನೇರವಾಗಿ ಪಕ್ಕಕ್ಕೆ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ‘ಎಕ್ಸ್‌ಪ್ಲೇನ್ ದಿಸ್ ಲೆಸನ್ ಟು ಮಿ’. ಅಪವಾದಗಳೂ ಇವೆ. ಲ್ಯಾಟಿನ್ ಮೂಲದ ಆಫರ್ ‘ಆಫರ್ ಹಿಮ್ ಎ ಜಾಬ್’ ಎಂದರೆ ಒಪ್ಪುತ್ತದೆ. ಮನೆಮಾತೇ ಆದ ಸೇ ‘ಸೇ ಮಿ’ ಎಂದರೆ ಒಪ್ಪುವುದಿಲ್ಲ.

ನಿಯಮವೊಂದನ್ನೇ ನೆಚ್ಚಿಕೊಂಡರೆ ಸಾಲದು ಎಂದಾಯಿತು. ಹೊಸ ಕ್ರಿಯಾಪದ ಕಲಿಯುವಾಗ ಅರ್ಥವನ್ನಷ್ಟೇ ಬರೆದುಕೊಳ್ಳಬೇಡಿ. ‘ಯಾರಿಗೆ’ ಎಂಬುದೂ ಸೇರಿದ ಪೂರ್ತಿ ವಾಕ್ಯವನ್ನೇ ಬರೆದುಕೊಂಡು ನಾಲ್ಕು ಸಲ ಬಾಯಿಬಿಟ್ಟು ಹೇಳಿ.